ಪುಣೆಯಲ್ಲಿ ಥಾರ್‌ಗೆ ಸಿಬಿ ರೇಡಿಯೊ (ಗಾಡಿಯಿಂದ ಗಾಡಿಗೆ ಮಾತಾಡುವ ಸಿಟಿಜನ್ ಬ್ಯಾಂಡ್ ಸೆಟ್) ಹಾಕಿಸಿದ್ದೇನೆ, ಎಲ್ಲ ಚಾನೆಲ್‌ನಲ್ಲೂ ಎಸ್‌ಡಬ್ಲ್ಯುಆರ್ 3ರ ಮೇಲೆ ತೋರಿಸುತ್ತಿದೆ. ಆಂಟೆನಾ ತುದಿ ಕತ್ತರಿಸಲೇ?

ದಯವಿಟ್ಟು ಕತ್ತರಿಸಬೇಡಿ. ಎಸ್‌ಡಬ್ಲ್ಯುಆರ್ ಎಂದರೆ ಆಂಟೆನಾ ರೇಡಿಯೊಗೆ ಎಷ್ಟು ಹೊಂದಿಕೊಂಡಿದೆ ಎಂಬ ಅಳತೆ, 1 ಇದ್ದರೆ ಪೂರ್ತಿ ಹೊಂದಿಕೆ, ಏರಿದಷ್ಟೂ ಕೆಟ್ಟದ್ದು. ಹಾರ್ಡ್ ಟಾಪ್ ಥಾರ್, ಹಿಂಬಾಗಿಲಿನ ಸ್ಪೇರ್ ವೀಲ್ ಪಕ್ಕ ಬ್ರಾಕೆಟ್, 4 ಅಡಿಯ ಫೈಬರ್ ವಿಪ್ (ಕಡ್ಡಿಯಂಥ ಆಂಟೆನಾ), 1ರಿಂದ 40ರವರೆಗೆ ಎಲ್ಲಿ ಒತ್ತಿದರೂ ಮೀಟರ್ 3 ದಾಟುತ್ತದೆ ಎಂದು ಬರೆದಿದ್ದೀರಿ. ಉದ್ದ ಹೆಚ್ಚುಕಮ್ಮಿ ಇದ್ದಿದ್ದರೆ ಒಂದು ತುದಿಯ ಚಾನೆಲ್‌ನಲ್ಲಿ ರೀಡಿಂಗ್ ಇಳಿದು ಇನ್ನೊಂದು ತುದಿಯಲ್ಲಿ ಏರುತ್ತಿತ್ತು. ಎಲ್ಲ ಕಡೆ ಒಂದೇ ಸಮ ಕೆಟ್ಟಿದೆ ಎಂದರೆ ಬಹುಮಟ್ಟಿಗೆ ಮೂರರಲ್ಲಿ ಒಂದು: ಬಾಡಿ ಅರ್ತ್ ಸಿಕ್ಕಿಲ್ಲ, ಬ್ರಾಕೆಟ್‌ನಲ್ಲಿ ಶಾರ್ಟ್ ಆಗಿದೆ, ಇಲ್ಲವೇ ಕೇಬಲ್ ಎಲ್ಲೋ ತುಂಡಾಗಿದೆ. ಅದು ಸರಿಯಾಗುವವರೆಗೆ ಮೈಕ್ ಬಟನ್ ಒತ್ತಬೇಡಿ. ಎಸ್‌ಡಬ್ಲ್ಯುಆರ್ 3 ಇದ್ದಾಗ ಕಳಿಸಿದ ಪವರ್‌ನಲ್ಲಿ ಕಾಲು ಭಾಗ ರೇಡಿಯೊ ಕಡೆಗೇ ವಾಪಸ್ ಬರುತ್ತದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗಿ ಸುಟ್ಟುಹೋಗಬಹುದು. 2ಕ್ಕೆ ಇಳಿದರೆ ವಾಪಸ್ ಬರುವುದು ಶೇ. 11, 1.5ಕ್ಕೆ ಶೇ. 4 ಮಾತ್ರ.

27 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 11 ಮೀಟರ್. ಅದರ ಕಾಲು ಭಾಗ ಎಂದರೂ 2.75 ಮೀಟರ್ ಆಂಟೆನಾ ಬೇಕು. ನಿಮ್ಮದು 1.2 ಮೀಟರ್. ಉಳಿದ ಉದ್ದವನ್ನು ಫೈಬರ್ ಕಡ್ಡಿಗೆ ಸುತ್ತಿದ ತಂತಿ ತುಂಬಿಕೊಡುತ್ತದೆ. ಆದರೆ ಇದು ಆಂಟೆನಾದ ಅರ್ಧ ಮಾತ್ರ, ಇನ್ನರ್ಧ ಗಾಡಿಯ ಲೋಹದ ಬಾಡಿ. ಥಾರ್‌ನ ಹಾರ್ಡ್ ಟಾಪ್ ಫೈಬರ್‌ನದು. ಹಾಗಾಗಿ ಮ್ಯಾಗ್ನೆಟ್ ಮೌಂಟ್ ಅಲ್ಲಿ ಕೂರುವುದೂ ಇಲ್ಲ, ಅಂಟಿಸಿದರೂ ಕೆಳಗೆ ಲೋಹವಿಲ್ಲ. ಹಿಂಬಾಗಿಲನ್ನು ಬಾಡಿಗೆ ಜೋಡಿಸಿರುವುದು ಕೀಲುಗಳು. ಅವುಗಳ ನಡುವೆ ಪೇಂಟ್, ಗ್ರೀಸ್, ಸುತ್ತ ರಬ್ಬರ್ ಬೀಡಿಂಗ್. ನಿಮ್ಮ ಆಂಟೆನಾಗೆ ಸದ್ಯ ಸಿಕ್ಕಿರುವ ಅರ್ತ್ ಆ ಬಾಗಿಲಿನಷ್ಟೇ.

ಮೊದಲು ಮಲ್ಟಿಮೀಟರ್ ತೆಗೆಯಿರಿ. ರೇಡಿಯೊದಿಂದ ಆಂಟೆನಾ ಕೇಬಲ್ ಬಿಚ್ಚಿ, ಮೂರು ಕಡೆ ಓಮ್ ನೋಡಿ. ಬ್ರಾಕೆಟ್‌ನ ಬರಿ ಲೋಹದಿಂದ ಬ್ಯಾಟರಿಯ ನೆಗೆಟಿವ್‌ಗೆ ಅರ್ಧ ಓಮ್‌ಗಿಂತ ಕಡಿಮೆ ಇರಬೇಕು. ಬಾಗಿಲು ತೆರೆದು ಮುಚ್ಚಿ ಮಾಡುವಾಗಲೂ ಅದು ಕುಣಿಯಬಾರದು. ಪ್ಲಗ್‌ನ ನಡುವಿನ ಪಿನ್‌ನಿಂದ ವಿಪ್ ಕೂರುವ ಸ್ಟಡ್‌ಗೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಪ್ಲಗ್‌ನ ಪಿನ್‌ಗೂ ಹೊರಗಿನ ಕವಚಕ್ಕೂ ನಡುವೆ ಸಂಪರ್ಕ ಇರಲೇಬಾರದು. ಬುಡದಲ್ಲಿ ಕಾಯಿಲ್ ಇರುವ ಕೆಲವು ಆಂಟೆನಾಗಳಲ್ಲಿ ಈ ಕೊನೆಯದು ಶಾರ್ಟ್ ತೋರಿಸುವುದೇ ಸಹಜ. ಆದ್ದರಿಂದ ವಿಪ್ ಬಿಚ್ಚಿಟ್ಟು ಅಳೆಯಿರಿ.

ಸ್ಟಡ್ ಕೂರಿಸುವುದರಲ್ಲಿ ತುಂಬಾ ಜನ ಎಡವುತ್ತಾರೆ, ಅದನ್ನು ಹತ್ತಿರದಿಂದ ನೋಡಿ. ಬಿಳಿ ನೈಲಾನ್ ವಾಷರ್‌ಗೆ ಒಂದು ಬದಿಯಲ್ಲಿ ಸಣ್ಣ ಕುತ್ತಿಗೆ ಇರುತ್ತದೆ. ಆ ಕುತ್ತಿಗೆ ಬ್ರಾಕೆಟ್‌ನ ತೂತಿನೊಳಗೆ ಪೂರ್ತಿ ಇಳಿದು ಕೂರಬೇಕು. ತೂತು ಚಿಕ್ಕದಾಗಿದ್ದರೆ ಅಥವಾ ವಾಷರ್ ಓರೆಯಾಗಿದ್ದರೆ ಸ್ಪ್ಯಾನರ್ ಹಾಕಿ ಬಿಗಿಯುವಾಗ ಕುತ್ತಿಗೆ ಜಜ್ಜಿಹೋಗಿ ಸ್ಟಡ್ ನೇರವಾಗಿ ಬ್ರಾಕೆಟ್‌ಗೆ ತಾಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕೇಬಲ್‌ನ ಹೊರಸುತ್ತಿನ ತಂತಿ ಜಾಲರಿಗೆ ಸೇರಿದ ಭಾಗ ಬ್ರಾಕೆಟ್‌ನ ಬರಿ ಲೋಹವನ್ನು ಕಚ್ಚಿರಬೇಕು, ನಡುತಂತಿಗೆ ಸೇರಿದ ಭಾಗ ಅದನ್ನು ಎಲ್ಲೂ ಮುಟ್ಟಬಾರದು.

ಅರ್ತ್‌ಗೆ ಸುಮಾರು 12 ಮಿಲಿಮೀಟರ್ ಅಗಲದ ತವರ ಲೇಪಿಸಿದ ತಾಮ್ರದ ಹೆಣೆದ ಪಟ್ಟಿ ತನ್ನಿ. ಒಂದನ್ನು ಬ್ರಾಕೆಟ್‌ನಿಂದ ಹಿಂಬಾಗಿಲಿಗೆ, ಇನ್ನೊಂದನ್ನು ಹಿಂಬಾಗಿಲಿನಿಂದ ಬಾಡಿಗೆ, ಎರಡನ್ನೂ ಆದಷ್ಟು ಗಿಡ್ಡವಾಗಿ ಹಾಕಿ. ಮಾಮೂಲಿ ಗುಂಡು ವೈರ್ ಡಿಸಿಗೆ ಸಾಕು, ಮಲ್ಟಿಮೀಟರ್‌ನಲ್ಲೂ ಚೆನ್ನಾಗಿಯೇ ತೋರಿಸುತ್ತದೆ. ಆದರೆ 27 ಮೆಗಾಹರ್ಟ್ಸ್‌ಗೆ ಅಗಲವಾದ, ಗಿಡ್ಡವಾದ ಪಟ್ಟಿಯೇ ಬೇಕು. ಬೋಲ್ಟ್ ಕೂರುವಷ್ಟು ಜಾಗದಲ್ಲಿ ಮಾತ್ರ ಪೇಂಟ್ ಕೆರೆದು, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಸುತ್ತಲೂ ಜಿಂಕ್ ಪ್ರೈಮರ್ ಬಳಿದು ಮೇಲೆ ಗ್ರೀಸ್ ಹಚ್ಚಿ. ಕೆರೆದು ಹಾಗೇ ಬಿಟ್ಟರೆ ತಾಮ್ಹಿಣಿ ಘಾಟ್‌ನ ಒಂದು ಮಳೆಗಾಲ ಸಾಕು, ತುಕ್ಕು ಅರ್ತನ್ನೂ ತಿನ್ನುತ್ತದೆ, ಬಾಗಿಲನ್ನೂ ತಿನ್ನುತ್ತದೆ.

ಪಟ್ಟಿ, ಕೇಬಲ್, ಕನೆಕ್ಟರ್ ಎಲ್ಲವನ್ನೂ ಪುಣೆಯಲ್ಲಿ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಹುಡುಕಿ, ಮುಂಬೈಗೆ ಹೋಗುವವರಿದ್ದರೆ ಲ್ಯಾಮಿಂಗ್ಟನ್ ರಸ್ತೆ. ಕೇಬಲ್ 50 ಓಮ್‌ನ ಆರ್‌ಜಿ-58 ಆಗಿರಲಿ. ತುದಿ ಸೀಳಿ ನೋಡಿ, ಜಾಲರಿ ಒತ್ತಾಗಿರಬೇಕು. ನಾಲ್ಕು ಎಳೆ ಸುತ್ತಿ ಕೊಡುವ ಅಗ್ಗದ ಮಾಲು ಬೇಡ, ಡಿಶ್ ಟಿವಿಗೆ ಹಾಕುವ 75 ಓಮ್ ಕೇಬಲ್ ಕೂಡ ಬೇಡ. ಪಿಎಲ್-259 ಪ್ಲಗ್‌ನಲ್ಲಿ ಜಾಲರಿಯನ್ನು ಬೆಸುಗೆ ಹಾಕಿಸಿ, ಬರೀ ತಿರುಚಿ ಒತ್ತಿಸಬೇಡಿ. ಬಾಗಿಲ ಸಂದಿಯಲ್ಲಿ ಕೇಬಲ್ ನಜ್ಜಾಗದಂತೆ ರಬ್ಬರ್ ಗ್ರೊಮೆಟ್ ಮೂಲಕ ಒಯ್ಯಿರಿ. ಕೇಬಲ್ ಇಂತಿಷ್ಟೇ ಉದ್ದ ಇರಬೇಕೆಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಉದ್ದ ಬದಲಿಸಿದಾಗ ರೀಡಿಂಗ್ ತುಂಬಾ ಬದಲಾಗುತ್ತಿದ್ದರೆ ಕೇಬಲ್‌ನ ಹೊರಮೈಯೇ ಆಂಟೆನಾದಂತೆ ಕೆಲಸ ಮಾಡುತ್ತಿದೆ ಎಂದರ್ಥ, ಮತ್ತೆ ಅರ್ತ್ ಕಡೆಗೇ ಹೋಗಬೇಕು.

ಇನ್ನು ನೀವು 1ರಿಂದ 40ರವರೆಗೆ ಟ್ಯೂನ್ ಮಾಡಲು ಹೊರಟಿರುವುದು. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವ ಸಿಟಿಜನ್ ಬ್ಯಾಂಡ್ 26.957ರಿಂದ 27.283 ಮೆಗಾಹರ್ಟ್ಸ್, ಗರಿಷ್ಠ 5 ವಾಟ್ ಇಆರ್‌ಪಿ (ಆಂಟೆನಾದಿಂದ ಹೊರಹೊಮ್ಮುವ ಪರಿಣಾಮಕಾರಿ ಪವರ್). ನಿಮ್ಮ ರೇಡಿಯೊದ ಚಾನೆಲ್ 1 ಇರುವುದು 26.965ರಲ್ಲಿ, ಚಾನೆಲ್ 27 ಇರುವುದು 27.275ರಲ್ಲಿ. ಚಾನೆಲ್ 28 ಇರುವುದು 27.285ರಲ್ಲಿ, ಅದು ಆಗಲೇ ಗೆರೆಯಾಚೆ. ಆದ್ದರಿಂದ 28ರಿಂದ 40ರವರೆಗೆ ಟ್ರಾನ್ಸ್‌ಮಿಟ್ ಮಾಡಲೇಬೇಡಿ, ಟೆಸ್ಟ್‌ಗೂ ಬೇಡ. ಉಪಕರಣದ ಅನುಮೋದನೆ, ಆಂಟೆನಾ ಕುರಿತ ಷರತ್ತುಗಳನ್ನು ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ತರಂಗಗಳ ಬಳಕೆ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಅಧಿಸೂಚನೆಯಲ್ಲಿ ಓದಿಕೊಂಡೇ ಮುಂದುವರಿಯಿರಿ. ಟ್ಯೂನಿಂಗ್‌ಗೂ ಇದರಿಂದ ಲಾಭವೇ ಇದೆ. ಅಮೆರಿಕದ ಕೈಪಿಡಿಗಳು ಚಾನೆಲ್ 20ರ ಸುತ್ತ ನಡು ಹಿಡಿಯಲು ಹೇಳುತ್ತವೆ, ನಮಗೆ ನಡು ಎಂದರೆ 27.125ರ ಚಾನೆಲ್ 14. ಅಗಲ ಕಡಿಮೆಯಾದ್ದರಿಂದ ಗಿಡ್ಡ ವಿಪ್ ಕೂಡ ಎರಡೂ ತುದಿಗೆ ಚೆನ್ನಾಗಿ ಕೂರುತ್ತದೆ.

ಅರ್ತ್ ಸರಿಯಾದ ಮೇಲೆ ಗಾಡಿಯನ್ನು ಬಯಲಿಗೆ ಒಯ್ಯಿರಿ. ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಗೋಡೆ ಪಕ್ಕ, ತಗಡಿನ ಶೆಡ್ ಕೆಳಗೆ ಬರುವ ರೀಡಿಂಗ್ ನಂಬಲಾಗದು. ಬಾಗಿಲುಗಳೆಲ್ಲ ಮುಚ್ಚಿರಲಿ, ವಿಪ್ ಹತ್ತಿರ ಯಾರೂ ನಿಲ್ಲಬಾರದು. ರೇಡಿಯೊ ಮತ್ತು ಆಂಟೆನಾ ನಡುವೆ ಎಸ್‌ಡಬ್ಲ್ಯುಆರ್ ಮೀಟರನ್ನು ಗಿಡ್ಡ ಪ್ಯಾಚ್ ಕೇಬಲ್‌ನಿಂದ ಸೇರಿಸಿ. ಎಎಂ ಮೋಡ್‌ನಲ್ಲಿ, ಚಾನೆಲ್‌ನಲ್ಲಿ ಯಾರೂ ಮಾತಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮಾತಾಡದೆ ಮೈಕ್ ಒತ್ತಿ. ಫಾರ್ವರ್ಡ್‌ನಲ್ಲಿ ಮುಳ್ಳನ್ನು ಸೆಟ್ ಗೆರೆಗೆ ತಂದು, ಸ್ವಿಚ್ ತಿರುಗಿಸಿ ಎಸ್‌ಡಬ್ಲ್ಯುಆರ್ ಓದಿ, ಕೂಡಲೇ ಬಿಡಿ. ಚಾನೆಲ್ ಬದಲಿಸಿದಾಗಲೆಲ್ಲ ಮುಳ್ಳನ್ನು ಮತ್ತೆ ಸೆಟ್‌ಗೆ ತರಬೇಕು. 1, 14, 27 ಈ ಮೂರನ್ನು ಬರೆದಿಟ್ಟುಕೊಳ್ಳಿ.

1ರಲ್ಲಿ ಜಾಸ್ತಿ, 27ರಲ್ಲಿ ಕಡಿಮೆ ಬಂದರೆ ಆಂಟೆನಾ ಗಿಡ್ಡವಾಗಿದೆ, ತುದಿಯ ತಿರುಪನ್ನು ಹೊರಗೆ ತನ್ನಿ. 27ರಲ್ಲಿ ಜಾಸ್ತಿ ಬಂದರೆ ಉದ್ದವಾಗಿದೆ, ಒಳಗೆ ತಿರುಗಿಸಿ. ಒಮ್ಮೆಗೆ ಒಂದೇ ಸುತ್ತು, ಲಾಕ್ ನಟ್ ಬಿಗಿದು ಮತ್ತೆ ಓದಿ. ಪೂರ್ತಿ ಉದ್ದದ ಸ್ಟೀಲ್ ವಿಪ್‌ನಲ್ಲಿ 1 ಸೆಂಟಿಮೀಟರ್‌ಗೆ ಸುಮಾರು 100 ಕಿಲೋಹರ್ಟ್ಸ್ ಸರಿಯುತ್ತದೆ. ಗಿಡ್ಡ ವಿಪ್‌ನ ತುದಿ ಇನ್ನೂ ಸೂಕ್ಷ್ಮ. ತಿರುಪು ಪೂರ್ತಿ ಒಳಗೆ ಹೋದ ಮೇಲೂ ಉದ್ದವೇ ಎಂದು ತೋರಿಸಿದರೆ ಮಾತ್ರ ಮೇಲಿನ ಕವಚ ತೆಗೆದು ತಂತಿಯನ್ನು ಒಂದೊಂದೇ ಸುತ್ತು ಬಿಚ್ಚಿ ಕತ್ತರಿಸುವುದು. ನ್ಯಾನೊವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಸಿಕ್ಕರೆ ಇನ್ನೂ ಒಳ್ಳೆಯದು. ರೇಡಿಯೊ ಬದಲು ಅದಕ್ಕೆ ಆಂಟೆನಾ ಸೇರಿಸಿ 26.5ರಿಂದ 27.8ರವರೆಗೆ ಓಡಿಸಿದರೆ ಎಸ್‌ಡಬ್ಲ್ಯುಆರ್ ಕಣಿವೆಯಂತೆ ಇಳಿಯುವುದು ಎಲ್ಲಿ ಎಂದು ಮೈಕ್ ಒತ್ತದೆಯೇ ಕಾಣುತ್ತದೆ. ಅದು ಸೇರಿರುವಾಗ ರೇಡಿಯೊ ಕೇಬಲ್ ಅದಕ್ಕೆ ತಗಲಬಾರದು.

1.5ರ ಒಳಗೆ ಬಂದರೆ ಉತ್ತಮ, 2ರ ಒಳಗಿದ್ದರೂ ಓಡಿಸಬಹುದು. 1.1 ತರಲೇಬೇಕೆಂದು ಹಟ ಹಿಡಿಯಬೇಡಿ. ಆಂಟೆನಾ ಬದಲು ಡಮ್ಮಿ ಲೋಡ್ (ಪವರನ್ನು ಬರೀ ಶಾಖವಾಗಿಸುವ 50 ಓಮ್ ರೋಧಕ) ಸಿಕ್ಕಿಸಿದರೆ 1 ಬರುತ್ತದೆ, ಆದರೆ ದನಿ ಎಲ್ಲಿಗೂ ಹೋಗುವುದಿಲ್ಲ. ಒಳ್ಳೆಯ ಅರ್ತ್ ಇರುವ ಗಿಡ್ಡ ಆಂಟೆನಾದ ರೋಧ 50 ಓಮ್‌ಗಿಂತ ಕಡಿಮೆಯೇ ಇರುತ್ತದೆ. ಹಾಗಾಗಿ 1.5 ತೋರಿಸಿಯೂ ಅದು ಚೆನ್ನಾಗಿ ಪ್ರಸಾರ ಮಾಡುತ್ತದೆ. ಅರ್ತ್ ಸಡಿಲಾಗಿ ನಷ್ಟ ಹೆಚ್ಚಾದರೆ ಅದೇ ರೋಧ 50ಕ್ಕೆ ಏರಿ ಮೀಟರ್ ಸುಂದರವಾಗಿ ಕಾಣಬಹುದು. ಅದಕ್ಕೇ ನಾನು ಉದ್ದಕ್ಕಿಂತ ಅರ್ತ್‌ಗೆ ಇಷ್ಟೊಂದು ಒತ್ತು ಕೊಡುತ್ತಿರುವುದು. ವಿಪ್‌ನ ಮೇಲಿನ ಮೂರನೇ ಒಂದು ಭಾಗವಾದರೂ ಛಾವಣಿ ಮಟ್ಟ ದಾಟಿರಲಿ, ಸ್ಪೇರ್ ವೀಲ್‌ನ ರಿಮ್‌ಗೆ ಅಂಟಿಕೊಂಡಂತೆ ನಿಲ್ಲಿಸಬೇಡಿ.

ಪವರ್ ಅನ್ನು ಸಿಗರೇಟ್ ಸಾಕೆಟ್‌ನಿಂದ ಎಳೆಯದೆ ಬ್ಯಾಟರಿಯಿಂದಲೇ ತನ್ನಿ. 2.5 ಚದರ ಮಿಲಿಮೀಟರ್ ವೈರ್ ಸಾಕು, ಕೈಪಿಡಿ ಹೇಳಿದ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ನೆಗೆಟಿವ್ ಟರ್ಮಿನಲ್ ಮೇಲೆ ಬ್ಯಾಟರಿ ಸೆನ್ಸರ್ ಇದ್ದರೆ ರೇಡಿಯೊದ ನೆಗೆಟಿವನ್ನು ಸೆನ್ಸರ್‌ನ ಆಚೆ, ಬಾಡಿಗೆ ಸೇರುವ ಕಡೆ ಕೊಡಿ.

ಎಂಜಿನ್ ಚಾಲೂ ಮಾಡಿದಾಗ ಗದ್ದಲ ಬಂದರೆ ಆಂಟೆನಾ ಪ್ಲಗ್ ಬಿಚ್ಚಿ ಕೇಳಿ (ಮೈಕ್ ಮಾತ್ರ ಒತ್ತಬೇಡಿ). ಗದ್ದಲ ನಿಂತರೆ ಅದು ಆಂಟೆನಾ ಮೂಲಕ ಬರುತ್ತಿತ್ತು, ನಿಲ್ಲದಿದ್ದರೆ ಪವರ್ ವೈರ್ ಮೂಲಕ. ಆರ್‌ಪಿಎಂ ಜೊತೆ ಏರಿಳಿಯುವ ಸಿಳ್ಳೆ ಆಲ್ಟರ್ನೇಟರ್‌ನದು. ಆದರೆ ಈಗಿನ ಗಾಡಿಗಳಲ್ಲಿ ಹೆಚ್ಚು ಕಾಟ ಕೊಡುವುದು ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ಲೈಟ್ ಬಾರ್. ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ, ಕಳ್ಳ ಸಿಗುತ್ತಾನೆ. ಸಿಕ್ಕ ವೈರ್‌ಗೆ ಕ್ಲಿಪ್ ಮಾಡುವ ಫೆರೈಟ್ ಹಾಕಿ, ಆಗುವುದಾದರೆ ವೈರನ್ನು ಅದರೊಳಗೆ ಎರಡು ಮೂರು ಸುತ್ತು ಸುತ್ತಿ.

ರೇಡಿಯೊದ ಮುಚ್ಚಳ ತೆಗೆದು ಒಳಗಿನ ಪ್ರೀಸೆಟ್ ತಿರುಗಿಸಿ ಪವರ್ ಹೆಚ್ಚಿಸಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. 4 ವಾಟ್ 8 ಆದರೆ ಆಚೆ ಕೇಳುವವರಿಗೆ 3 ಡೆಸಿಬೆಲ್, ಎಂದರೆ ಸಿಗ್ನಲ್ ಮೀಟರ್‌ನಲ್ಲಿ ಅರ್ಧ ಎಸ್-ಯೂನಿಟ್ ವ್ಯತ್ಯಾಸ. ಜೊತೆಗೆ ಕಾನೂನು ಮೀರಿದಂತೆ, ದನಿ ಒಡೆದು ಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ. ಸ್ಕ್ವೆಲ್ಚ್ (ಖಾಲಿ ಚಾನೆಲ್‌ನ ಗದ್ದಲ ಅಡಗಿಸುವ) ಗುಬ್ಬಿಯನ್ನು ಸೊಯ್ ಎನ್ನುವ ಸದ್ದು ನಿಲ್ಲುವಷ್ಟೇ ತಿರುಗಿಸಿ, ಮೈಕ್ ಬಾಯಿಂದ ಐದಾರು ಸೆಂಟಿಮೀಟರ್ ದೂರ ಇರಲಿ, ಬಟನ್ ಒತ್ತಿ ಒಂದು ಕ್ಷಣ ತಡೆದು ಮಾತಾಡಿ. ಬಯಲಲ್ಲಿ ಇಷ್ಟರಲ್ಲೇ ಕೆಲವು ಕಿಲೋಮೀಟರ್ ಸಿಗುತ್ತದೆ. ಘಾಟ್‌ನಲ್ಲಿ ನಡುವೆ ಗುಡ್ಡ ಬಂದರೆ ಯಾವ ಟ್ಯೂನಿಂಗೂ ಕೆಲಸಕ್ಕೆ ಬಾರದು, ಮುಂದಿನ ಗಾಡಿ ತಿರುವು ದಾಟುವ ಮೊದಲೇ ಮಾತು ಮುಗಿಸಿಕೊಳ್ಳಬೇಕು.

ಮೊದಲು ಆ ಮೂರು ಓಮ್ ರೀಡಿಂಗ್ ತೆಗೆದು ಇಲ್ಲೇ ಬರೆಯಿರಿ. ಸ್ಟಡ್‌ನ ಫೋಟೊ ಹಾಕುವುದಾದರೆ ವಾಷರ್ ಕಾಣುವಂತೆ ಪಕ್ಕದಿಂದ ತೆಗೆಯಿರಿ.