ಪಾತ್ರ ಹೋಗಿ ಮೈ ಮಾತ್ರ ಉಳಿದಾಗ

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ನಟರೊಬ್ಬರ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು ಮೂವತ್ತು ದಾಟಿದೆ. ನಾಯಕನಾಗಿ ಒಂದು ಸಿನಿಮಾ, ಸಣ್ಣ ಪಾತ್ರಗಳಲ್ಲಿ ಇನ್ನು ಕೆಲವು. ಯಾವುದೂ ಓಡಲಿಲ್ಲ. ಅವಕಾಶ ನಿಂತಾಗ ಬಟ್ಟೆಯ ಜಾಹೀರಾತೊಂದನ್ನು ಒಪ್ಪಿಕೊಂಡರು, ಅದೇ ಕೈಹಿಡಿಯಿತು. ಮಾಡೆಲಿಂಗ್ ಮಾಡಿ ಸಿನಿಮಾಕ್ಕೆ ಹೋದವರು ಬೇಕಾದಷ್ಟು ಜನ ಸಿಗುತ್ತಾರೆ. ಇವರದು ಉಲ್ಟಾ ದಾರಿ. "ನಟ ಆಗಿದ್ದೆ, ಈಗ ಬಟ್ಟೆ ತಗುಲಿಹಾಕೋ ಗೂಟ" ಎಂದರು. ನನ್ನ ಹತ್ತಿರ ಬಂದದ್ದು ಮಾತ್ರ ನಿದ್ದೆ ಬರುತ್ತಿಲ್ಲ, ಸುಮ್ಸುಮ್ನೆ ರೇಗುತ್ತೇನೆ ಎಂದು.

ಸೋತ ಸಿನಿಮಾಗಳ ನೋವು ಇದು ಅಂತ ಅವರ ಲೆಕ್ಕ. ಕೇಳುತ್ತಾ ಹೋದಂತೆ ನನಗೆ ಬೇರೆಯದೇ ಕಂಡಿತು. ಸಿನಿಮಾದ ಆಡಿಷನ್‌ನಲ್ಲಿ ಬೇಡ ಅಂದಾಗ "ಆ ಪಾತ್ರಕ್ಕೆ ನಾನು ಹೊಂದಲಿಲ್ಲ" ಎಂದುಕೊಳ್ಳಲು ಒಂದು ಜಾಗ ಇರುತ್ತಿತ್ತು. ಏಟು ಪಾತ್ರದ ಮೇಲೆ ಬೀಳುತ್ತಿತ್ತು. ಮಾಡೆಲ್‌ಗೆ ಆ ಅಡ್ಡಗೋಡೆ ಇಲ್ಲ. ಭುಜ ಅಗಲ ಸಾಲದು, ಕಣ್ಣ ಕೆಳಗೆ ಗೆರೆ ಬಂದಿದೆ ಎಂದು ಎದುರಿಗೇ ಹೇಳುತ್ತಾರೆ. ಕೆಲವರು ಏನೂ ಹೇಳದೆ ಫೋಟೊ ಪಕ್ಕಕ್ಕಿಡುತ್ತಾರೆ, ಅದು ಇನ್ನೂ ಕಷ್ಟ. ಅದಕ್ಕೆ ಇವರು ಕಂಡುಕೊಂಡ ಉತ್ತರ ಒಂದೇ: ಊಟ ಕಮ್ಮಿ ಮಾಡುವುದು. ಶೂಟಿಂಗ್‌ನ ಹಿಂದಿನ ದಿನ ನೀರನ್ನೂ ಬಿಡುತ್ತಿದ್ದರು, ಸ್ನಾಯು ಎದ್ದು ಕಾಣಲಿ ಎಂದು.

ಇಲ್ಲಿ ನಾನು ಅವರಿಗೆ ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟಿದ್ದರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಆದರೂ ಸಿಡುಕು, ಮಂಕು ಹತ್ತಿಕೊಂಡಿತು. ಜನರ ಸಹವಾಸ ಬೇಡವಾಯಿತು, ತಲೆತುಂಬ ಬರೀ ಊಟದ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಇದನ್ನು ಕೇಳಿ ಇವರು ನಕ್ಕರು. ರಾತ್ರಿ ಫೋನ್‌ನಲ್ಲಿ ಅಡುಗೆಯ ವಿಡಿಯೊ ನೋಡುವುದು ಇವರಿಗೂ ಅಭ್ಯಾಸವಾಗಿತ್ತು.

ಎಲ್ಲವೂ ಹಸಿವಿನಿಂದ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಟ್ಟೆಗೆ ಹಾಕದೆ ಮನಸ್ಸನ್ನು ರಿಪೇರಿ ಮಾಡಲು ಹೊರಟರೆ ಕೆಲಸ ಕೆಡುತ್ತದೆ. ಹಾಗಾಗಿ ಮೊದಲು ವೈದ್ಯರ ಬಳಿ ಕಳಿಸಿದೆ. ರಕ್ತ ಪರೀಕ್ಷೆ, ಇಸಿಜಿ, ಆಮೇಲೆ ಆಹಾರತಜ್ಞರ ಭೇಟಿ. ನೀರು ಬಿಡುವ ಚಾಳಿ ಅವತ್ತಿನಿಂದಲೇ ನಿಲ್ಲಬೇಕು ಎಂದೆ. ದೇಹದಲ್ಲಿ ಸೋಡಿಯಂ, ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪಬಹುದು. ಇದರಲ್ಲಿ ಚೌಕಾಸಿ ಇಲ್ಲ.

"ಈ ಲೈನ್‌ನಲ್ಲಿ ಎಲ್ಲರೂ ಹೀಗೇ ಅಲ್ವಾ?" ಎಂದು ಕೇಳಿದರು. ಹೌದು, ತುಂಬ ಜನ ಹೀಗೇ. ಅದಕ್ಕೇ ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗಳಿಗೆ ಆರೋಗ್ಯ ಸರಿಯಿದೆ ಎಂಬ ವೈದ್ಯರ ಪ್ರಮಾಣಪತ್ರ ಕಡ್ಡಾಯವಾಯಿತು. ಅಲ್ಲಿ ಜಾಹೀರಾತಿನಲ್ಲಿ ಮೈಯ ಆಕಾರ ತಿದ್ದಿದ್ದರೆ ಫೋಟೊದ ಜೊತೆಗೇ ಹಾಗೆಂದು ಬರೆಯಬೇಕು. ಇವರು ತಮ್ಮನ್ನು ಹೋಲಿಸಿಕೊಳ್ಳುತ್ತಿದ್ದುದೂ ಅಂಥ ತಿದ್ದಿದ ಫೋಟೊಗಳಿಗೇ. ಒಮ್ಮೆ ತಮ್ಮದೇ ಜಾಹೀರಾತು ನೋಡಿ "ನನಗೆ ಈ ಸೊಂಟ ಇಲ್ಲವಲ್ಲ" ಎಂದು ಕೊರಗಿದ್ದರು!

ಕಾಸ್ಟಿಂಗ್ (ಜಾಹೀರಾತಿಗೆ ಮಾಡೆಲ್‌ಗಳನ್ನು ಆರಿಸುವ ಸುತ್ತು) ಮುಗಿದ ಸಂಜೆಗೆ ಒಂದು ನಿಯಮ ಮಾಡಿಕೊಂಡೆವು. ಕನ್ನಡಿ, ತೂಕದ ಯಂತ್ರ ಬೇಡ. ಆರಿಸುವವರು ಆಡಿದ ಮಾತನ್ನು ಇದ್ದಂತೆ ಒಂದು ಸಾಲು ಬರೆಯುವುದು, ಅದಕ್ಕೆ ತಾವು ಹಚ್ಚಿದ ಅರ್ಥವನ್ನು ಕೆಳಗೆ ಇನ್ನೊಂದು ಸಾಲು. "ಈ ಸಲ ಬೇಡ" ಎಂಬುದರ ಕೆಳಗೆ "ನನ್ನ ಕಥೆ ಮುಗಿಯಿತು" ಎಂದು ಬರೆದು ತಂದರು. ಎರಡರ ನಡುವಿನ ದೂರ ಅವರಿಗೇ ಕಂಡಿತು. ಆ ದಿನ ನನಗೆ ಹೆಚ್ಚು ಮಾತಾಡುವ ಕೆಲಸ ಬೀಳಲಿಲ್ಲ.

ಇನ್ನೊಂದು ಸಲಹೆ, ಮೈ ಕಾಣದ ಕೆಲಸ ಒಂದಾದರೂ ಇರಲಿ ಎಂದು. ಡಬ್ಬಿಂಗ್ ಹಿಡಿದರು. ದನಿ ಒಳ್ಳೆಯದಿದೆ, ಅದನ್ನು ಯಾರೂ ಅಳತೆಪಟ್ಟಿ ಹಿಡಿದು ನೋಡುವುದಿಲ್ಲ. ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಫೋಟೊ ಎಲ್ಲಿ, ಎಷ್ಟು ಕಾಲ ಬಳಸುತ್ತಾರೆ, ಅಷ್ಟರಲ್ಲಿ ಬೇರೆ ಕಂಪನಿಗೆ ಕೆಲಸ ಮಾಡಬಹುದೇ ಎಂದು ವಕೀಲರಿಂದ ಓದಿಸಿ ಎಂದೂ ಹೇಳಿದೆ. ದುಡ್ಡಿನ ಭಯವೂ ನಿದ್ದೆ ಕೆಡಿಸುತ್ತದೆ ತಾನೆ?

ಈಗ ನಿದ್ದೆ ಪರವಾಗಿಲ್ಲ. ಮಾಡೆಲಿಂಗ್ ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಲಿಲ್ಲ. ಗೂಟ ಎಂಬ ಮಾತು ಇನ್ನೂ ಆಗಾಗ ಬರುತ್ತದೆ. ಹಳೆಯ ಸಿನಿಮಾಗಳ ಬಗ್ಗೆ ಮಾತಾಡಲು ಅವರು ಇನ್ನೂ ತಯಾರಿಲ್ಲ, ನಾನೂ ಅವಸರ ಮಾಡುತ್ತಿಲ್ಲ.