ಮಸಾಜ್ ಮಾಡುವಾಗ ಕೈ ಸೋಲದಂತೆ ನೋಡಿಕೊಳ್ಳುವುದು ಹೇಗೆ?

ಮಸಾಜ್ ಕಲಿತು ನಾಲ್ಕು ತಿಂಗಳಾಗಿದೆ, ದಿನಕ್ಕೆ ಮೂರು ಜನರಿಗೆ ಮಾಡುತ್ತೀರಿ, ಎರಡನೆಯವರು ಮುಗಿಯುವಷ್ಟರಲ್ಲಿ ಹೆಬ್ಬೆರಳು ಕಿತ್ತು ಬಂದ ಹಾಗಾಗುತ್ತದೆ. ಕೈಗೆ ಬಲ ಬರಲು ಯಾವ ವ್ಯಾಯಾಮ ಮಾಡಲಿ ಅಂತ ಕೇಳಿದ್ದೀರಿ.

ವ್ಯಾಯಾಮದ ಮಾತು ಆಮೇಲೆ. ಒತ್ತುವಾಗ ನಿಮ್ಮ ಕಾಲು ಎಲ್ಲಿರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಎರಡೂ ಪಾದ ಜೋಡಿಸಿ, ನೆಟ್ಟಗೆ ನಿಂತು, ಬರೀ ತೋಳಿನಿಂದ ತಳ್ಳುತ್ತಿದ್ದರೆ ಎಷ್ಟು ಬಲ ಇದ್ದರೂ ಸಾಲದು.

ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷ ಹೀಗೇ ಮಾಡಿದ್ದೆ. ಬಿಗಿದ ಸ್ನಾಯುವಿನಲ್ಲಿ ಗಂಟು ಸಿಕ್ಕಿತೋ, ಹೆಬ್ಬೆರಳು ಊರು. ಇನ್ನೊಂದು ಸಿಕ್ಕಿತೋ, ಮತ್ತೆ ಹೆಬ್ಬೆರಳು. ಕೊನೆಗೆ ಬಾಗಿಲಿನ ಬೀಗ ತಿರುಗಿಸುವಾಗಲೂ ಜೀವ ಹೋಗುವಂತಾಗಿ ಒಂದು ತಿಂಗಳು ಕೆಲಸ ಬಿಟ್ಟು ಕೂತೆ. ವಾಪಸ್ ಬಂದಾಗ ಜೊತೆಗಿದ್ದ ಹಿರಿಯರೊಬ್ಬರು ಐದು ನಿಮಿಷ ನನ್ನನ್ನು ನೋಡಿ, ಟೇಬಲ್‌ನ ಕಾಲುಗಳನ್ನು ಎರಡು ತೂತು ಕೆಳಗಿಳಿಸಿ ಹೋದರು. ಅಷ್ಟೇ. ಅವತ್ತಿನ ಕೆಲಸ ಮುಗಿದಾಗ ಹೆಗಲು ಅರ್ಧ ಹಗುರವಾಗಿತ್ತು.

ಟೇಬಲ್ ಎತ್ತರ ನೋಡಲು ಸುಲಭದ ದಾರಿ ಇದೆ. ಪಕ್ಕದಲ್ಲಿ ನಿಂತು ಕೈ ಇಳಿಬಿಡಿ. ಸಡಿಲವಾಗಿ ಮುಷ್ಟಿ ಕಟ್ಟಿದರೆ ಬೆರಳಿನ ಗೆಣ್ಣು ಟೇಬಲ್‌ಗೆ ಸುಮಾರಾಗಿ ತಾಗಬೇಕು. ಮಲಗುವವರು ದಪ್ಪ ಇದ್ದರೆ ಇನ್ನೂ ಸ್ವಲ್ಪ ಇಳಿಸಿ. ಆಮೇಲೆ ಒಂದು ಕಾಲು ಮುಂದೆ, ಒಂದು ಹಿಂದೆ. ಮೊಣಕೈ ಹೆಚ್ಚುಕಮ್ಮಿ ನೇರ ಇರಲಿ, ಆದರೆ ಬಿಗಿದು ಲಾಕ್ ಆಗುವುದು ಬೇಡ. ಈಗ ತಳ್ಳಬೇಡಿ, ಮುಂದಕ್ಕೆ ವಾಲಿ. ಹಿಂದಿನ ಪಾದ ನೆಲವನ್ನು ಒತ್ತಿದರೆ ಮೈ ಭಾರ ತಾನಾಗಿ ಕೈಗೆ ಇಳಿದು ಬರುತ್ತದೆ. ಗೋಡೆಗೆ ಕೈ ಕೊಟ್ಟು ವಾಲಿ ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ.

ಇನ್ನು ಹೆಬ್ಬೆರಳು. ಅದರ ತುದಿಯಿಂದ ಚಿವುಟಿ ಹಿಡಿದಾಗ ಬುಡದ ಕೀಲಿನ ಮೇಲೆ ತುದಿಯ ಒತ್ತಡದ ಹತ್ತು ಪಟ್ಟಿಗೂ ಜಾಸ್ತಿ ಭಾರ ಬೀಳುತ್ತದೆ. ಆ ಕೀಲು ಎಲ್ಲಾ ದಿಕ್ಕಿಗೂ ತಿರುಗಲು ಆಗಿರುವುದು, ದಿನವಿಡೀ ಭಾರ ಹೊರಲು ಅಲ್ಲ. ಹಾಗಾಗಿ ಹೆಬ್ಬೆರಳನ್ನು ನಾನು ಜಿಪುಣನ ಹಾಗೆ ಬಳಸುತ್ತೇನೆ. ಗಂಟು ಎಲ್ಲಿದೆ ಅಂತ ಹುಡುಕಲು ಸಾಕು, ಅದನ್ನು ಬಿಡಿಸುವ ಕೆಲಸ ಮೊಣಕೈಗೆ ಅಥವಾ ಮುಷ್ಟಿಗೆ. ಹೆಬ್ಬೆರಳೇ ಬೇಕು ಅನ್ನುವ ಜಾಗದಲ್ಲಿ ಅದು ಹಿಂದಕ್ಕೆ ಬಿಲ್ಲಿನಂತೆ ಬಾಗದೆ ಮುಂಗೈಗೆ ನೇರವಾಗಿರಲಿ, ಮೇಲೆ ಇನ್ನೊಂದು ಕೈಯ ಆಸರೆ ಇರಲಿ.

ಬೆನ್ನು, ತೊಡೆ, ಪಿರ್ರೆಯಂಥ ದೊಡ್ಡ ಜಾಗಕ್ಕೆ ಮುಂಗೈಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮೊಣಕೈಗೆ ಸ್ವಲ್ಪ ಕೆಳಗಿನ ಮಾಂಸದ ಭಾಗವನ್ನು ಇಟ್ಟು ನಿಧಾನ ಜಾರಿಸಿ, ಬೆರಳುಗಳು ಆಗ ಸುಮ್ನೆ ಜೋತಾಡುತ್ತಿರಲಿ. ಬೆನ್ನುಮೂಳೆ, ಕುತ್ತಿಗೆಯ ಮುಂಭಾಗ, ಮಂಡಿಯ ಹಿಂಭಾಗದ ಹತ್ತಿರ ಮಾತ್ರ ಮೊಣಕೈ ಹೋಗಬಾರದು. ಅಂಗೈ ಬುಡದಿಂದ ಒತ್ತುವವರು ಮಣಿಕಟ್ಟನ್ನು ಪೂರ್ತಿ ಹಿಂದಕ್ಕೆ ಮಡಿಸುತ್ತಾರೆ, ಅಲ್ವಾ? ಒಳಗೆ ಹಾದುಹೋಗುವ ನರ ಅಲ್ಲೇ ಅದುಮಿಹೋಗುತ್ತದೆ. ಸಡಿಲ ಮುಷ್ಟಿಯಲ್ಲಿ ಮಣಿಕಟ್ಟು ನೇರವಾಗಿಯೇ ಉಳಿಯುತ್ತದೆ.

ಎಣ್ಣೆ ಜಾಸ್ತಿ ಆದರೂ ಕೈ ಸೋಲುತ್ತದೆ. ಜಾರುವುದನ್ನು ತಡೆಯಲು ಬೆರಳು ತನಗೆ ಗೊತ್ತಿಲ್ಲದೆಯೇ ಬಿಗಿಹಿಡಿಯುತ್ತದೆ. ಆಳವಾಗಿ ಒತ್ತುವಾಗ ಕಮ್ಮಿ ಎಣ್ಣೆಯೇ ಸರಿ.

"ಇನ್ನೂ ಜೋರಾಗಿ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಬಲ ಹೆಚ್ಚಿಸುವ ಮೊದಲು ವೇಗ ಇಳಿಸಿ. ಅದೇ ಒತ್ತಡ ನಿಧಾನವಾಗಿ ಇಳಿದರೆ ಆಳವಾಗಿ ಅನ್ನಿಸುತ್ತದೆ. ಹತ್ತರಲ್ಲಿ ಏಳೆಂಟು ಜನ ಅಷ್ಟಕ್ಕೇ ಸುಮ್ಮನಾಗುತ್ತಾರೆ. ಉಳಿದವರಿಗೆ ನಾನು ಮುಲಾಜಿಲ್ಲದೆ ಇಷ್ಟೇ ಆಗುವುದು ಅಂದುಬಿಡುತ್ತೇನೆ.

ನೀವು ಕೇಳಿದ ವ್ಯಾಯಾಮಕ್ಕೆ ಬರೋಣ. ಒಂದು ಕೈಯಿಂದ ಇನ್ನೊಂದರ ಮುಂಗೈ ಹಿಡಿದು ಬೆರಳು ಆಡಿಸಿ ನೋಡಿ, ಒಳಗೆ ಏನೋ ಹರಿದಾಡುತ್ತದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳೆಲ್ಲ ಅಲ್ಲಿವೆ, ಬೆರಳಿನೊಳಗಲ್ಲ. ಅದಕ್ಕೇ ಇಬ್ಬರ ನಡುವಿನ ಬಿಡುವಿನಲ್ಲಿ ನಾನು ನನ್ನ ಮುಂಗೈಯನ್ನೇ ಎರಡು ನಿಮಿಷ ನೀವಿಕೊಳ್ಳುತ್ತೇನೆ. ಚೆಂಡು ಹಿಚುಕುವ ವ್ಯಾಯಾಮ ನನಗೆ ಇಷ್ಟವಿಲ್ಲ. ಇಡೀ ದಿನ ಹಿಚುಕಿದ ಕೈಗೆ ಮತ್ತೆ ಅದೇ ಯಾಕೆ? ಐದು ಬೆರಳಿಗೂ ರಬ್ಬರ್ ಬ್ಯಾಂಡ್ ಹಾಕಿ ಕೈ ಅಗಲಿಸಿ, ನಿಧಾನವಾಗಿ ಮುಚ್ಚಿ. ಹತ್ತು ಹದಿನೈದು ಸಲ ಸಾಕು. ಈಗಾಗಲೇ ನೋವು ಇರುವ ದಿನ ಅದೂ ಬೇಡ.

ಒಂದು ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸುಸ್ತು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ, ಅಥವಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ಚುರ್ ಅಂದರೆ, ಅದು ಸುಸ್ತಲ್ಲ. ಡಾಕ್ಟರ್‌ಗೆ ತೋರಿಸಿ. ನಾನು ಮಾಡಿದ ಹಾಗೆ ತಿಂಗಳುಗಟ್ಟಲೆ ಕಾಯಬೇಡಿ.

ಅಂದಹಾಗೆ, ಮೂರು ಜನರ ನಡುವೆ ಸಿಗುವ ಬಿಡುವಿನಲ್ಲಿ ಏನು ಮಾಡುತ್ತೀರಿ? ನಾನು ಆ ಒಂದು ತಿಂಗಳ ರಜೆಯಲ್ಲೂ ಕೈ ಯಾಕೆ ವಾಸಿಯಾಗುತ್ತಿಲ್ಲ ಅಂತ ಒದ್ದಾಡುತ್ತಿದ್ದೆ. ಅದೇ ಹೆಬ್ಬೆರಳಿನಿಂದ ಇಡೀ ದಿನ ಫೋನ್ ಉಜ್ಜುತ್ತಾ ಕೂತಿದ್ದೆ.