ಮೋಡ ನೌಕೆಯಾದದ್ದು ಯಾವಾಗ?

ಪ್ರಿಯ ಲೇಖಕರೇ,

‘ಆಕಾಶದ ಅತಿಥಿಗಳು ಮತ್ತು ಮನುಷ್ಯನ ಮೂಢನಂಬಿಕೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಅಚ್ಚು ಹಾಕಿಟ್ಟ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಹನ್ನೊಂದನೆಯ ಪುಟದ ಒಂದು ವಾಕ್ಯ ಬಿಡಲಿಲ್ಲ. ಅದರ ಮಾತು ಕೊನೆಗೆ.

ಮೊದಲು ತಕರಾರು. ಹನ್ನೆರಡು ಪುಟಗಳಲ್ಲಿ, ಹಾರುವ ತಟ್ಟೆಗಳನ್ನೂ ಅನ್ಯಗ್ರಹದ ಅತಿಥಿಗಳನ್ನೂ ನಂಬುವ ಹದಿನಾಲ್ಕು ಪಂಥಗಳನ್ನು ತಂದಿದ್ದೀರಿ. ಪ್ರತಿಯೊಂದಕ್ಕೂ ಒಂದು ಪ್ಯಾರಾ, ಪ್ಯಾರಾದ ಕೊನೆಗೊಂದು ಕುಹಕ. ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆಯಲ್ಲಿ ದಿಲ್ಲಿ, ಆಗ್ರಾ, ಕಾಶಿ ಸರ್ರನೆ ಸರಿದುಹೋದಂತಾಯಿತು. ಜನ ಮೂಢರು ಎಂಬ ತೀರ್ಮಾನ ನಿಮ್ಮ ಶೀರ್ಷಿಕೆಯಲ್ಲೇ ಇದೆ. ಅದನ್ನೇ ಹೇಳುವುದಿದ್ದರೆ ಇಷ್ಟು ದೂರ ಓದುಗನನ್ನು ನಡೆಸಬೇಕಿರಲಿಲ್ಲ.

ಪೀಠಿಕೆಯ ಎರಡು ಪುಟ ಕತ್ತರಿಸಿ. 1947ರ ಜೂನ್ 24ರಂದು ಅಮೆರಿಕದ ಮೌಂಟ್ ರೇನಿಯರ್ ಬಳಿ ಪೈಲಟ್ ಕೆನೆತ್ ಅರ್ನಾಲ್ಡ್ ಕಂಡ ಒಂಬತ್ತು ವಸ್ತುಗಳ ಕಥೆ ಈ ವಿಷಯ ಓದುವವರಿಗೆಲ್ಲ ಗೊತ್ತು. ಉಳಿಸಲೇಬೇಕೆಂದರೆ ಇಷ್ಟನ್ನು ಉಳಿಸಿ: ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತ ಹೋಗುವಂತೆ ಅವು ಚಲಿಸಿದವು ಎಂಬುದು ತಮ್ಮ ಮಾತಾಗಿತ್ತು ಎಂದು ಅರ್ನಾಲ್ಡ್ ಆಮೇಲೆ ವಿವರಿಸಿದರು. ಚಲನೆಗೆ ಕೊಟ್ಟ ಹೋಲಿಕೆಯನ್ನು ಪತ್ರಿಕೆಗಳು ಆಕಾರ ಮಾಡಿಬಿಟ್ಟವು. ಅಲ್ಲಿಂದ ಮುಂದೆ ಜನರಿಗೆ ಆಕಾಶದಲ್ಲಿ ತಟ್ಟೆಗಳೇ ಕಾಣತೊಡಗಿದವು. ಒಂದು ಪದ ಮಾಡಿದ ಕೆಲಸ ನೋಡಿ! ನಿಮ್ಮ ಲೇಖನದ ಎಳೆ ಇದಾಗಬಹುದಿತ್ತು.

ಏಳನೆಯ ಪುಟದ ನಿಮ್ಮ ವಾಕ್ಯ: ‘ಧೂಮಕೇತುವಿನ ಹಿಂದೆ ನೌಕೆ ಬರುತ್ತಿದೆ ಎಂದು ನಂಬಿ 39 ಹುಚ್ಚರು ಸತ್ತರು.’ ಹುಚ್ಚರು ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಸಾಮೂಹಿಕ ಆತ್ಮಹತ್ಯೆ ಮಾಡಿಕೊಂಡ ಹೆವನ್ಸ್ ಗೇಟ್ ಎಂಬ ಆ ಅಮೆರಿಕದ ಪಂಥದ ಕಥೆ 1997ರ ಮಾರ್ಚ್‌ನಲ್ಲಿ ಹೇಲ್-ಬಾಪ್ ಧೂಮಕೇತುವಿನಿಂದ ಶುರುವಾದದ್ದಲ್ಲ. ಅದನ್ನು ಕಟ್ಟಿದವರು ಇಬ್ಬರು. ಮಾರ್ಷಲ್ ಆಪಲ್‌ವೈಟ್ ಸಂಗೀತದ ಅಧ್ಯಾಪಕ, ಪಾದ್ರಿಯ ಮಗ. ಬಾನಿ ನೆಟಲ್ಸ್ ನರ್ಸ್, ಜ್ಯೋತಿಷ್ಯದಲ್ಲಿ ಆಸಕ್ತಿಯಿದ್ದವರು. 1972ರಲ್ಲಿ ಹ್ಯೂಸ್ಟನ್‌ನಲ್ಲಿ ಇಬ್ಬರ ಭೇಟಿಯಾಯಿತು. ಬೈಬಲಿನ ‘ಪ್ರಕಟನೆ’ ಗ್ರಂಥದ 11ನೆಯ ಅಧ್ಯಾಯದಲ್ಲಿ ಇಬ್ಬರು ಸಾಕ್ಷಿಗಳು ಬರುತ್ತಾರೆ; ಕೊಲೆಯಾಗಿ, ಮೂರೂವರೆ ದಿನದ ಮೇಲೆ ಎದ್ದು, ಮೋಡದಲ್ಲಿ ಸ್ವರ್ಗಕ್ಕೇರುತ್ತಾರೆ. ಆ ಸಾಕ್ಷಿಗಳು ತಾವೇ ಎಂದು ಇವರಿಬ್ಬರೂ ಓದಿಕೊಂಡರು. ಮೋಡವನ್ನು ಬಾಹ್ಯಾಕಾಶ ನೌಕೆ ಎಂದು ಓದಿಕೊಂಡರು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಮೂರು ವರ್ಷವಾಗಿತ್ತು. ಆ ಕಾಲಕ್ಕೆ ಮೋಡಕ್ಕಿಂತ ನೌಕೆಯೇ ನಂಬಲು ಸುಲಭ.

ಬದುಕಿರುವಾಗಲೇ, ದೇಹಸಮೇತ ನೌಕೆ ಹತ್ತುತ್ತೇವೆ ಎಂಬುದು ಅವರ ಮೊದಲ ಬೋಧನೆ. 1985ರಲ್ಲಿ ನೆಟಲ್ಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. ನೌಕೆ ಬರಲಿಲ್ಲ, ದೇಹ ಇಲ್ಲೇ ಉಳಿಯಿತು. ನಂಬಿಕೆ ಬಿದ್ದುಹೋಗಬೇಕಾದ ಹೊತ್ತು ಅದು. ಬೀಳಲಿಲ್ಲ, ಬಾಗಿಕೊಂಡಿತು: ದೇಹವೆನ್ನುವುದು ವಾಹನ ಮಾತ್ರ, ಕೆಟ್ಟರೆ ಇಳಿದು ಹೋಗಬಹುದು ಎಂಬ ಮಾತು ಬಲವಾಯಿತು. ಹನ್ನೆರಡು ವರ್ಷಗಳ ನಂತರದ ಸಾವುಗಳಿಗೆ ದಾರಿ ತೆರೆದದ್ದು ಈ ಒಂದು ಸಾವು ಎಂದು ನನ್ನ ಓದು. ಇದಕ್ಕೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಕೊನೆಯ ವರ್ಷಗಳಲ್ಲಿ ಆ ಗುಂಪು ಹೊಟ್ಟೆಪಾಡಿಗೆ ಬೇರೆಯವರ ವೆಬ್‌ಸೈಟ್‌ಗಳನ್ನು ವಿನ್ಯಾಸ ಮಾಡಿಕೊಡುತ್ತಿತ್ತು. ಹುಚ್ಚರ ಕೈಗೆ ಯಾರು ಆ ಕೆಲಸ ಕೊಡುತ್ತಾರೆ? ದೇಹವೇ ರಥ, ಆತ್ಮ ಅದರಲ್ಲಿ ಕುಳಿತ ಪಯಣಿಗ ಎಂದು ಕೇಳಿ ಬೆಳೆದ ಕನ್ನಡದ ಓದುಗನಿಗೆ ಈ ವಾಹನ ಅಪರಿಚಿತವೇನಲ್ಲ. ಅವನು ಬೆಚ್ಚಿಬೀಳಬೇಕಾದ ಜಾಗ ಇದು. ನೀವು ಇಲ್ಲಿ ಅವನನ್ನು ನಗಿಸಲು ಹೊರಟಿದ್ದೀರಿ.

ಅನ್ಯಗ್ರಹದವರನ್ನು ಭೇಟಿಯಾದೆನೆಂದ ಅಮೆರಿಕದ ಜಾರ್ಜ್ ಆಡಮ್‌ಸ್ಕಿಯ ಪ್ಯಾರಾ ಚೆನ್ನಾಗಿದೆ, ಅರ್ಧಕ್ಕೆ ನಿಂತಿದೆ. 1952ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಶುಕ್ರಗ್ರಹದವನನ್ನು ಕಂಡೆ ಎಂದರು ಎಂದಷ್ಟೇ ಬರೆದಿದ್ದೀರಿ. ಹತ್ತು ವರ್ಷ ಮುಂದೆ ಹೋಗಿ. 1962ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾರಿನರ್-2 ನೌಕೆ ಶುಕ್ರನ ಪಕ್ಕದಲ್ಲಿ ಹಾದು, ಅದು ಕಾದ ಕಾವಲಿ ಎಂದು ವರದಿ ಕಳಿಸಿತು. ಆಮೇಲಿನ ಕಥೆಗಳಲ್ಲಿ ಅತಿಥಿಗಳ ಊರು ದೂರದ ನಕ್ಷತ್ರಗಳಿಗೆ ಸರಿಯಿತು. (ಮನೆ ಬದಲಾಯಿಸಿದರು, ಬರುವುದನ್ನು ಬಿಡಲಿಲ್ಲ.)

ಈಗ ನನಗೆ ನಿಜಕ್ಕೂ ಸಿಟ್ಟು ಬಂದ ಭಾಗ. ಇಡೀ ಲೇಖನ ಕನ್ನಡದಲ್ಲಿದ್ದೂ ‘ವಿಮಾನ’ ಎಂಬ ಪದದ ಮುಂದೆ ನೀವು ಒಂದು ಕ್ಷಣವೂ ನಿಂತಿಲ್ಲ. ಗರ್ಭಗುಡಿಯ ಮೇಲೇಳುವ ಕಟ್ಟಡ ವಿಮಾನ, ದೇವತೆಗಳ ವಾಹನ ವಿಮಾನ, ದೇವನಹಳ್ಳಿಯಿಂದ ದುಬೈಗೆ ಹಾರುವುದೂ ವಿಮಾನ. ಯಂತ್ರ ಬಂದಾಗ ದೇವರ ಪದವನ್ನು ಅದಕ್ಕೆ ಕೊಟ್ಟೆವು. ಕೊಟ್ಟ ಮೇಲೆ ಹಿಂದಿರುಗಿ ನೋಡಿದರೆ ಹಳೆಯ ವಿಮಾನಗಳಲ್ಲೂ ಇಂಜಿನ್ ಕಾಣಿಸದೆ ಇರುತ್ತದೆಯೇ?

ಇದಕ್ಕೆ ಸಾಕ್ಷಿ ಆನೇಕಲ್‌ನಲ್ಲೇ ಇದೆ. ಅಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಭರದ್ವಾಜ ಮಹರ್ಷಿಯದೆಂದು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಆಕಾಶಯಾನದ ಪ್ರಾಚೀನ ಪುರಾವೆಯೆಂದು ಇಂದಿಗೂ ಮುಂದೊಡ್ಡುವವರಿದ್ದಾರೆ. ಅದರ ಚಿತ್ರಗಳನ್ನು ಬರೆದವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ. ಶ್ಲೋಕ ಋಷಿಯದು, ನಕ್ಷೆ ಕಾಲೇಜಿನದು. ಈ ಜೋಡಿಯ ಮೇಲೇ ಒಂದು ಲೇಖನ ಬರೆಯಬಹುದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದನ್ನು ಪರಿಶೀಲಿಸಿ, ಕೃತಿ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿನ ಯಾವ ವಿಮಾನವೂ ಹಾರಲಾರದು ಎಂದರು. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್‌ನಲ್ಲಿ. ಆ ಐವರಲ್ಲಿ ಎಚ್.ಆರ್. ನಾಗೇಂದ್ರರೂ ಒಬ್ಬರು, ಮುಂದೆ ಯೋಗಕ್ಕೇ ಬದುಕು ಕೊಟ್ಟವರು. ಪರಂಪರೆಯ ಮೇಲಿನ ಹಗೆಯಿಂದ ಪರೀಕ್ಷಿಸಿದರು ಎಂದು ದೂರುವವರಿಗೆ ಈ ಹೆಸರು ತೋರಿಸಿ. ಅಮೆರಿಕದವರ ಬಗ್ಗೆ ಹನ್ನೊಂದು ಪ್ಯಾರಾ ಗೇಲಿ ಮಾಡಿದ ನೀವು ಆನೇಕಲ್ ಬಂದಾಗ ‘ಇದು ವಿವಾದಾಸ್ಪದ’ ಎಂದು ಮೆಲ್ಲನೆ ಜಾರಿಕೊಂಡಿದ್ದೀರಿ. ದೂರದವರಿಗೆ ಕೋಲು, ಹತ್ತಿರದವರಿಗೆ ಹೂವು. ಓದುಗ ಇದನ್ನು ಗಮನಿಸುವುದಿಲ್ಲ ಎಂದುಕೊಂಡಿರಾ?

ಇನ್ನು ಆ ವಾಕ್ಯ. ಲೈನ್‌ಮನ್ ಆಗಿರುವ ನಿಮ್ಮ ಸೋದರಮಾವ ಒಂದು ರಾತ್ರಿ ಕಂಬದಿಂದ ಇಳಿದು, ಸಾಲುಗಟ್ಟಿ ಸಾಗುತ್ತಿದ್ದ ಸ್ಟಾರ್‌ಲಿಂಕ್ ಉಪಗ್ರಹಗಳ ದೀಪಗಳನ್ನು ಕಂಡು, ಚಪ್ಪಲಿ ಕಳಚಿ ಕೈಮುಗಿದರು. ಕೈ ಇಳಿಸುವ ಮೊದಲೇ ‘ಇದಕ್ಕೆ ಕರೆಂಟ್ ಎಲ್ಲಿಂದ?’ ಎಂದು ಕೇಳಿದರು. ಇದನ್ನು ಆವರಣದೊಳಗೆ ತುರುಕಿದ್ದೀರಿ. ಪ್ರಾರ್ಥನೆಯ ಶಕ್ತಿಯನ್ನು ಬ್ಯಾಟರಿಯಲ್ಲಿ ತುಂಬಿಡುತ್ತೇವೆನ್ನುವ ಲಂಡನ್‌ನ ಏಥೀರಿಯಸ್ ಸೊಸೈಟಿಯವರಿಗೆ ನೀವು ಕೊಟ್ಟ ಒಂದು ಪುಟವನ್ನು ಈ ಮಾವನಿಗೆ ಕೊಡಿ. ಆವರಣ ತೆಗೆಯಿರಿ, ಲೇಖನ ಅಲ್ಲಿಂದಲೇ ಶುರುವಾಗಲಿ. ಹದಿನಾಲ್ಕು ಪಂಥಗಳಲ್ಲಿ ಎರಡು ಉಳಿದರೆ ಸಾಕು, ಆನೇಕಲ್ ಮಾತ್ರ ಇರಲೇಬೇಕು. ಆರು ಪುಟ ಮೀರಬೇಡಿ.

ಮತ್ತೆ, ಮಾವನ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ, ಅದನ್ನು ಕೇಳಿ ಅವರು ಚಪ್ಪಲಿ ಮೆಟ್ಟಿಕೊಂಡರೇ ಇಲ್ಲವೇ ಎಂಬುದನ್ನೂ ಬರೆಯಿರಿ.

ನಿಮ್ಮ,
ಸಂಪಾದಕ